ಸಿಟ್ಟು ಅಪ್ಪನಿಂದ ಬಂದದ್ದು, ಕೂಗಾಟ ಯಾರದು?

ಪ್ರಶ್ನೆ: ನನಗೆ ವಿಪರೀತ ಸಿಟ್ಟು. ನನ್ನ ಅಪ್ಪನಿಗೂ ಹಾಗೇ ಇತ್ತು. ಅವರ ಕೂಗಾಟ ಕೇಳಿಕೊಂಡೇ ಬೆಳೆದವನು ನಾನು. ಇವತ್ತು ಮಗನ ಮೇಲೆ ರೇಗಬಾರದು ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತೇನೆ. ರಾತ್ರಿ ಆಗುವಷ್ಟರಲ್ಲಿ ರೇಗಿರುತ್ತೇನೆ. ಈಚೆಗೆ ಒಂದು ಲೇಖನ ಓದಿದೆ. ನಾವು ನಿರ್ಧಾರ ಮಾಡುವ ಮೊದಲೇ ಮೆದುಳು ನಿರ್ಧಾರ ಮಾಡಿ ಮುಗಿಸಿರುತ್ತದೆ, ಸ್ವತಂತ್ರ ಇಚ್ಛೆ ಅನ್ನೋದು ಬರೀ ಭ್ರಮೆ ಅಂತ ವಿಜ್ಞಾನಿಗಳು ತೋರಿಸಿದ್ದಾರಂತೆ. ಹಾಗಾದರೆ ನಾನು ರೇಗುವುದು ನನ್ನ ತಪ್ಪಾ? ಬದಲಾಗಬೇಕು ಅಂತ ಒದ್ದಾಡುವುದರಲ್ಲಿ ಅರ್ಥ ಇದೆಯಾ? ಇಷ್ಟು ವರ್ಷ ಅಪ್ಪನ ಮೇಲೆ ಇಟ್ಟುಕೊಂಡಿರುವ ಕೋಪಕ್ಕೆ ಅರ್ಥ ಇದೆಯಾ?

ಉತ್ತರ: ನೀವು ಓದಿದ ಲೇಖನ ಹೇಳಿದಷ್ಟನ್ನು ವಿಜ್ಞಾನ ತೋರಿಸಿಲ್ಲ. ನಿಮ್ಮ ಪ್ರಯತ್ನಕ್ಕೆ ಖಂಡಿತ ಅರ್ಥ ಇದೆ. ಆದರೆ ಆ ಪ್ರಯತ್ನವನ್ನು ನೀವು ತಪ್ಪು ಹೊತ್ತಿನಲ್ಲಿ ಮಾಡುತ್ತಿದ್ದೀರಿ ಅಂತ ನನಗೆ ಅನಿಸುತ್ತದೆ. ಸಿಟ್ಟು ನೆತ್ತಿಗೇರಿದ ಆ ಒಂದು ಕ್ಷಣದಲ್ಲಿ ನಿಮ್ಮ ಸ್ವಾತಂತ್ರ್ಯವನ್ನು ಹುಡುಕುತ್ತಿದ್ದೀರಿ. ಅಲ್ಲಿ ಅದು ತುಂಬಾ ಕಡಿಮೆ. ಅದು ಜಾಸ್ತಿ ಇರುವುದು ಬೇರೆ ಕಡೆ. ಅಪ್ಪನ ವಿಷಯ ಸ್ವಲ್ಪ ಕಷ್ಟದ್ದು, ಅದಕ್ಕೆ ಕೊನೆಗೆ ಬರುತ್ತೇನೆ.

ಮೊದಲು ಆ ಪ್ರಯೋಗ. ಲೇಖನದಲ್ಲಿ ಹೆಸರು ಇತ್ತೋ ಇಲ್ಲವೋ, ಮಾತು ಬಂದಿರುವುದು ಅಮೆರಿಕದ ಮೆದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಕೆಲಸದಿಂದ. ಅದಕ್ಕೂ ಮೊದಲೇ, 1960ರ ದಶಕದಲ್ಲಿ, ಜರ್ಮನಿಯ ಕಾರ್ನ್‌ಹ್ಯೂಬರ್ ಮತ್ತು ಡೀಕ್ ಎಂಬ ಇಬ್ಬರು ಒಂದು ವಿಷಯ ಕಂಡುಕೊಂಡಿದ್ದರು. ಮನುಷ್ಯ ತಾನಾಗಿ ಕೈ ಆಡಿಸುವ ಸ್ವಲ್ಪ ಮೊದಲು ಮೆದುಳಿನಲ್ಲಿ ನಿಧಾನವಾಗಿ ಒಂದು ವಿದ್ಯುತ್ ಅಲೆ ಏಳುತ್ತದೆ. ಅದಕ್ಕೆ ರೆಡಿನೆಸ್ ಪೊಟೆನ್ಷಿಯಲ್ ಅಂತ ಹೆಸರು ಬಂತು. ಸಿದ್ಧತೆಯ ಅಲೆ ಅಂದುಕೊಳ್ಳಿ.

ಲಿಬೆಟ್ ಕೇಳಿದ ಪ್ರಶ್ನೆ ನಿಜಕ್ಕೂ ಚೆನ್ನಾಗಿತ್ತು. ಈ ಅಲೆ ಯಾವಾಗ ಏಳುತ್ತದೆ? ಕೈ ಆಡಿಸಬೇಕು ಎನ್ನುವ ಇಚ್ಛೆ ನಮಗೆ ಯಾವಾಗ ಗೊತ್ತಾಗುತ್ತದೆ? ಜನರನ್ನು ಒಂದು ಗಡಿಯಾರದ ಮುಂದೆ ಕೂರಿಸಿದರು. ಅದರ ಮೇಲೆ ಒಂದು ಬೆಳಕಿನ ಚುಕ್ಕಿ 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತಿತ್ತು. ನಿಮಗೆ ಮನಸ್ಸು ಬಂದಾಗ ಕೈ ಆಡಿಸಿ, ಮನಸ್ಸು ಬಂದ ಕ್ಷಣ ಚುಕ್ಕಿ ಎಲ್ಲಿತ್ತು ಅಂತ ನೆನಪಿಟ್ಟುಕೊಂಡು ಹೇಳಿ ಅಂದರು. ಫಲಿತಾಂಶ ಹೀಗಿತ್ತು: ಕೈ ಆಡುವ ಸುಮಾರು 550 ಮಿಲಿಸೆಕೆಂಡ್ ಮೊದಲೇ ಅಲೆ ಎದ್ದಿತ್ತು. ಇಚ್ಛೆ ಗೊತ್ತಾದದ್ದು ಸುಮಾರು 200 ಮಿಲಿಸೆಕೆಂಡ್ ಮೊದಲು. ಅಂದರೆ ಮೆದುಳು ಒಂದು ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಮುಂದಿತ್ತು. 2008ರಲ್ಲಿ ಜಾನ್ ಡೈಲನ್ ಹೇನ್ಸ್ ಅವರ ತಂಡ ಮೆದುಳಿನ ಸ್ಕ್ಯಾನ್ ಬಳಸಿ ಈ ಅಂತರವನ್ನು ಏಳು ಸೆಕೆಂಡಿನವರೆಗೂ ಹಿಗ್ಗಿಸಿತು. ಎಡಗೈ ಗುಂಡಿ ಒತ್ತುತ್ತಾರಾ, ಬಲಗೈ ಗುಂಡಿಯಾ ಅಂತ ಮೊದಲೇ ಊಹಿಸಬಹುದು ಅಂದರು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು.

ಆದರೆ ಒಳಗೆ ನೋಡಿ. ಹೇನ್ಸ್ ತಂಡದ ಊಹೆ ಸರಿಯಾದದ್ದು ನೂರರಲ್ಲಿ ಸುಮಾರು 60 ಸಲ. ಕಣ್ಣು ಮುಚ್ಚಿಕೊಂಡು ಹೇಳಿದರೂ 50 ಸಲ ಸರಿಯಾಗುತ್ತದೆ. ಏಳು ಸೆಕೆಂಡು ಮೊದಲು ಮೆದುಳಿನಲ್ಲಿ ಒಂದು ಸಣ್ಣ ಒಲವು ಇತ್ತು ಅನ್ನಬಹುದು. ನಿರ್ಧಾರ ಆಗಿಹೋಗಿತ್ತು ಅನ್ನಲು ಬರುವುದಿಲ್ಲ.

ಲಿಬೆಟ್ ಅಲೆಗೆ ಇನ್ನೂ ದೊಡ್ಡ ಪೆಟ್ಟು ಬಿದ್ದದ್ದು 2012ರಲ್ಲಿ. ಆರನ್ ಶರ್ಗರ್ ಮತ್ತು ಜೊತೆಗಾರರು ಒಂದು ಸರಳ ವಿಷಯ ಗಮನಿಸಿದರು. ಮೆದುಳಿನ ಚಟುವಟಿಕೆ ಯಾವಾಗಲೂ ಸುಮ್ನೆ ಏರುಪೇರಾಗುತ್ತಾ ಇರುತ್ತದೆ. ಯಾವ ಕಾರಣವೂ ಇಲ್ಲದೆ ಯಾವಾಗಲಾದರೂ ಕೈ ಆಡಿಸಿ ಅಂದರೆ, ಆ ಏರುಪೇರು ಒಂದು ಮಟ್ಟ ದಾಟಿದಾಗ ಕೈ ಆಡುತ್ತದೆ. ಈಗ ಲೆಕ್ಕ ಹಾಕುವ ವಿಧಾನ ನೋಡಿ. ಲಿಬೆಟ್ ಕೈ ಆಡಿದ ಕ್ಷಣವನ್ನು ಹಿಡಿದುಕೊಂಡು, ಅಲ್ಲಿಂದ ಹಿಂದಕ್ಕೆ ಹೋಗಿ, ಹತ್ತಾರು ಸಲದ ದಾಖಲೆಗಳ ಸರಾಸರಿ ತೆಗೆದರು. ಏರಿಳಿತ ಮಟ್ಟ ದಾಟಿದ ಹೊತ್ತುಗಳನ್ನೇ ಆರಿಸಿ ಹಿಂದಕ್ಕೆ ನೋಡಿದರೆ, ಅದು ನಿಧಾನವಾಗಿ ಏರುತ್ತಾ ಬಂದಂತೆ ಕಾಣಲೇಬೇಕು. ಅಂದರೆ ಆ ಅಲೆ ಗುಟ್ಟಾಗಿ ಆದ ನಿರ್ಧಾರದ ಗುರುತು ಆಗಿರಲೇಬೇಕಿಲ್ಲ. ಲೆಕ್ಕದ ರೀತಿಯಿಂದಲೇ ಹಾಗೆ ಕಂಡಿರಬಹುದು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಆದರೆ ಲಿಬೆಟ್ ಹೆಸರು ಹೇಳಿ ಸ್ವತಂತ್ರ ಇಚ್ಛೆ ಸುಳ್ಳು ಅಂತ ತೀರ್ಪು ಕೊಡುವುದು ಇವತ್ತು ಸಾಧ್ಯವಿಲ್ಲ.

ನಿಮಗೆ ಎಲ್ಲಕ್ಕಿಂತ ಹತ್ತಿರದ್ದು 2019ರ ಒಂದು ಅಧ್ಯಯನ. ಊರಿ ಮಾವೋಜ್ ಮತ್ತು ತಂಡ ಜನರಿಗೆ ಎರಡು ಬಗೆಯ ಆಯ್ಕೆ ಕೊಟ್ಟಿತು. ಎರಡು ಸೇವಾ ಸಂಸ್ಥೆಗಳಲ್ಲಿ ಯಾವುದಕ್ಕೆ 1000 ಡಾಲರ್ ಹೋಗಬೇಕು ಅಂತ ನಿಜವಾಗಿ ತೀರ್ಮಾನಿಸುವುದು ಒಂದು. ಯಾವ ಗುಂಡಿ ಒತ್ತಿದರೂ ಎರಡಕ್ಕೂ ಸಮನಾಗಿ ಹಣ ಹೋಗುವಂಥದ್ದು ಇನ್ನೊಂದು. ಎರಡನೆಯದರಲ್ಲಿ ಹಳೆಯ ಅಲೆ ಚೆನ್ನಾಗಿ ಕಂಡಿತು. ಯೋಚಿಸಿ ಮಾಡಿದ ಮೊದಲನೆಯದರಲ್ಲಿ ಅದು ಇಲ್ಲವೆಂಬಷ್ಟು ಕ್ಷೀಣವಾಗಿತ್ತು. ಹಾಗಾಗಿ ಕಾರಣವೇ ಇಲ್ಲದ ಒಂದು ಬೆರಳಿನ ಆಟದಿಂದ, ಕಾರಣಗಳನ್ನು ತೂಗಿ ಮಾಡುವ ನಿರ್ಧಾರಗಳ ಬಗ್ಗೆ ಹೇಳುವುದು ದೊಡ್ಡ ಜಿಗಿತ. ಮನುಷ್ಯ ಸ್ವತಂತ್ರನೇ ಎಂದು ನಾವು ತಲೆ ಕೆಡಿಸಿಕೊಳ್ಳುವುದು ಯಾವಾಗ? ಸಾಕ್ಷಿ ಹೇಳಬೇಕೇ, ಮದುವೆ ಮುರಿಯಬೇಕೇ, ಮಗನಿಗೆ ಹೊಡೆಯಬೇಕೇ ಎನ್ನುವಾಗ. ಕೈ ಯಾವ ಕ್ಷಣದಲ್ಲಿ ಆಡಿತು ಎನ್ನುವಾಗ ಅಲ್ಲ.

ಇಲ್ಲಿಗೆ ನಿಮಗೆ ಸಮಾಧಾನ ಆಗಿರಬಹುದು. ಆದರೆ ಇಷ್ಟು ಬೇಗ ಬೇಡ. ಲಿಬೆಟ್ ಸೋತರೂ ನಿಮ್ಮ ಪ್ರಶ್ನೆ ಸೋಲುವುದಿಲ್ಲ. ಯಾಕೆಂದರೆ ನಾವು ಯೋಚಿಸುವುದೆಲ್ಲ ಮೆದುಳಿನಲ್ಲೇ ನಡೆಯುತ್ತದೆ. ಮೆದುಳಿನಲ್ಲಿ ನಡೆಯುವುದಕ್ಕೆಲ್ಲ ಕಾರಣ ಇರುತ್ತದೆ. ಆ ಕಾರಣಗಳಿಗೂ ಹಿಂದಿನ ಕಾರಣಗಳಿರುತ್ತವೆ.

ಇದು ಬರೀ ಮಾತಲ್ಲ. 2003ರಲ್ಲಿ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು. ಅಮೆರಿಕದ 40 ವರ್ಷದ ಒಬ್ಬ ಶಿಕ್ಷಕನಿಗೆ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಲೈಂಗಿಕ ಆಸಕ್ತಿ ಹುಟ್ಟಿತು. ತಪ್ಪು ಅಂತ ಗೊತ್ತಿದ್ದೂ ತಡೆದುಕೊಳ್ಳಲು ಆಗಲಿಲ್ಲ. ಸ್ಕ್ಯಾನ್ ಮಾಡಿದಾಗ ಹಣೆಯ ಹಿಂದಿನ ಮೆದುಳಿನ ಭಾಗದಲ್ಲಿ ದೊಡ್ಡ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ಆ ಆಸೆ ಹೋಯಿತು. ಗಡ್ಡೆ ಮತ್ತೆ ಬೆಳೆದಾಗ ಮತ್ತೆ ಬಂತು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಕೆಲವು ಔಷಧಿಗಳಿಂದ, ಜೀವನದಲ್ಲಿ ಜೂಜಾಡದೇ ಇದ್ದವರಿಗೂ ಜೂಜಿನ ಹುಚ್ಚು ಹಿಡಿಯುವುದುಂಟು. ಔಷಧಿ ಬದಲಿಸಿದರೆ ಆ ಹುಚ್ಚು ಸಾಮಾನ್ಯವಾಗಿ ಇಳಿಯುತ್ತದೆ. ಇಂಥದ್ದನ್ನು ಓದಿದ ಮೇಲೆ, ಮನಸ್ಸು ದೇಹಕ್ಕೆ ಅಂಟದ ಒಂದು ಸ್ವತಂತ್ರ ವಸ್ತು ಅಂತ ನಂಬುವುದು ನನಗಂತೂ ಕಷ್ಟ. (ಹಾಗೆಯೇ, ನಿಮ್ಮ ಸಿಟ್ಟು ಈಚೆಗೆ ಶುರುವಾದದ್ದಾದರೆ, ತಲೆಗೆ ಏಟು ಬಿದ್ದ ಮೇಲೆ ಅಥವಾ ಹೊಸ ಔಷಧಿ ಶುರು ಮಾಡಿದ ಮೇಲೆ ಹೆಚ್ಚಾಗಿದ್ದರೆ, ಈ ಉತ್ತರ ಓದುವುದನ್ನು ನಿಲ್ಲಿಸಿ ಮೊದಲು ವೈದ್ಯರನ್ನು ನೋಡಿ.)

ಆದರೆ ಇಲ್ಲಿಂದ 'ಮೆದುಳು ಮಾಡಿತು, ನಾನಲ್ಲ' ಅನ್ನುವ ಕಡೆಗೆ ಹೋಗಬೇಡಿ. ಒಂದು ಕಷ್ಟದ ಲೆಕ್ಕ ಬಿಡಿಸಿದಾಗ 'ಬಿಡಿಸಿದ್ದು ನನ್ನ ಮೆದುಳು, ನಾನು ಸುಮ್ನೆ ನೋಡ್ತಾ ಇದ್ದೆ' ಅಂತ ಯಾರೂ ಹೇಳುವುದಿಲ್ಲ ಅಲ್ವಾ? ನಿಮ್ಮ ಮೆದುಳು ನಿಮ್ಮನ್ನು ಆಡಿಸುವ ಬೇರೆ ವ್ಯಕ್ತಿ ಅಲ್ಲ. ಅದು ತೂಗಿ ನೋಡುವುದನ್ನೇ ನಾವು 'ನೀವು ತೂಗಿ ನೋಡಿದಿರಿ' ಅನ್ನುತ್ತೇವೆ.

ಇನ್ನು ದೊಡ್ಡ ಪ್ರಶ್ನೆ. ಎಲ್ಲಕ್ಕೂ ಕಾರಣ ಇದ್ದರೆ, ನಾಳೆ ಆಗುವುದೆಲ್ಲ ಇವತ್ತೇ ತೀರ್ಮಾನ ಆಗಿದೆಯೇ? 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಇದನ್ನು ಸ್ಪಷ್ಟವಾಗಿ ಹೇಳಿದರು. ಪ್ರಪಂಚದ ಒಂದೊಂದು ಕಣದ ಸ್ಥಿತಿಯನ್ನೂ, ಅದರ ಮೇಲೆ ಕೆಲಸ ಮಾಡುವ ಬಲಗಳನ್ನೂ ತಿಳಿದ ಬುದ್ಧಿಯೊಂದು ಇದ್ದರೆ ಅದಕ್ಕೆ ಭವಿಷ್ಯವೂ ಭೂತಕಾಲದಂತೆ ಕಣ್ಣ ಮುಂದೆ ಇರುತ್ತದೆ ಅಂತ. ಅತಿ ಸಣ್ಣ ಕಣಗಳ ಮಟ್ಟದಲ್ಲಿ ಆಕಸ್ಮಿಕಕ್ಕೂ ಜಾಗ ಇದೆ ಅನ್ನುವ ಕ್ವಾಂಟಮ್ ಭೌತಶಾಸ್ತ್ರ ಬಂದ ಮೇಲೆ ಈ ಚಿತ್ರ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. ಕೆಲವರು ಅಲ್ಲಿ ಸ್ವಾತಂತ್ರ್ಯಕ್ಕೆ ಜಾಗ ಹುಡುಕುತ್ತಾರೆ. ನನಗೆ ಅದರಲ್ಲಿ ಆಸಕ್ತಿ ಇಲ್ಲ. ನಿಮ್ಮ ಕೂಗಾಟ ಒಂದು ಕಣದ ಆಕಸ್ಮಿಕ ಜಿಗಿತದಿಂದ ಬಂದರೆ ಅದು ನಿಮ್ಮದಾಗುವುದು ಹೇಗೆ? ಆಕಸ್ಮಿಕ ಅಂದರೆ ಸ್ವಾತಂತ್ರ್ಯ ಅಲ್ಲ.

ಈ ವಿಷಯದಲ್ಲಿ ತತ್ವಶಾಸ್ತ್ರಜ್ಞರು ಎಲ್ಲಿ ನಿಂತಿದ್ದಾರೆ ಅಂತ 2020ರಲ್ಲಿ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಎಲ್ಲಕ್ಕೂ ಕಾರಣ ಇದ್ದರೂ ಮನುಷ್ಯ ಸ್ವತಂತ್ರನಾಗಿರಬಹುದು, ಎರಡೂ ಒಟ್ಟಿಗೆ ಇರಬಹುದು ಅಂದವರು ಸುಮಾರು 59 ಶೇಕಡಾ. ಎರಡೂ ಕೂಡಿ ಬರುವುದಿಲ್ಲ, ಆದರೆ ಸ್ವಾತಂತ್ರ್ಯ ಇದೆ ಅಂದವರು ಸುಮಾರು 19. ಸ್ವತಂತ್ರ ಇಚ್ಛೆ ಇಲ್ಲವೇ ಇಲ್ಲ ಅಂದವರು ಸುಮಾರು 11. ಸತ್ಯ ಮತ ಎಣಿಕೆಯಿಂದ ತೀರ್ಮಾನ ಆಗುವುದಿಲ್ಲ, ನಿಜ. ಆದರೆ 'ಇದು ಭ್ರಮೆ ಅಂತ ಈಗ ಎಲ್ಲರಿಗೂ ಗೊತ್ತು' ಅನ್ನುವ ಧಾಟಿಯ ಲೇಖನ ಓದಿದವರು ಈ ಸಂಖ್ಯೆಯನ್ನೂ ತಿಳಿದಿರಬೇಕು.

ನಾನು ಮೊದಲ ಗುಂಪಿನವನು. ಆದರೆ ಪೂರ್ತಿ ನೆಮ್ಮದಿಯಿಂದ ಅಲ್ಲ. ತತ್ವಶಾಸ್ತ್ರಜ್ಞ ಪೀಟರ್ ವ್ಯಾನ್ ಇನ್ವಾಗೆನ್ ಅವರು 1983ರಲ್ಲಿ ಮುಂದಿಟ್ಟ ವಾದ ಈಗಲೂ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾನು ಹುಟ್ಟುವ ಮೊದಲು ನಡೆದದ್ದು ನನ್ನ ಕೈಲಿಲ್ಲ. ಪ್ರಕೃತಿಯ ನಿಯಮಗಳೂ ನನ್ನ ಕೈಲಿಲ್ಲ. ನಾನು ಮಾಡುವುದೆಲ್ಲ ಆ ಎರಡರಿಂದ ಬರುವ ಫಲವಾದರೆ, ಅದು ನನ್ನ ಕೈಲಿರುವುದು ಹೇಗೆ? ಇದಕ್ಕೆ ಉತ್ತರಗಳಿವೆ, ಆದರೆ ಎದುರಾಳಿಯ ಬಾಯಿ ಮುಚ್ಚಿಸುವ ಉತ್ತರ ಯಾರ ಬಳಿಯೂ ಇಲ್ಲ.

ಹಾಗಿದ್ದರೂ ಒಂದು ವಿಷಯ ಮಾತ್ರ ನನಗೆ ಖಚಿತ. ಈ ವಾದ ಗೆದ್ದರೂ ಸರಿ, ಸೋತರೂ ಸರಿ, 'ಪ್ರಯತ್ನ ವ್ಯರ್ಥ' ಅನ್ನುವುದು ಅದರಿಂದ ಬರುವುದಿಲ್ಲ. ನಿಮ್ಮ ಪತ್ರ ಎಡವಿರುವುದು ಇಲ್ಲೇ. ಇದು ತುಂಬಾ ಹಳೆಯ ಎಡವಟ್ಟು. ಪ್ರಾಚೀನ ಗ್ರೀಸಿನಲ್ಲಿ ಇದಕ್ಕೆ ಸೋಮಾರಿ ವಾದ ಅಂತಲೇ ಹೆಸರಿತ್ತು. ಅದು ಹೀಗೆ: ಕಾಯಿಲೆ ವಾಸಿ ಆಗಬೇಕು ಅಂತ ವಿಧಿ ಇದ್ದರೆ, ವೈದ್ಯರನ್ನು ಕರೆದರೂ ಕರೆಯದಿದ್ದರೂ ವಾಸಿ ಆಗುತ್ತದೆ. ಆಗಬಾರದು ಅಂತ ಇದ್ದರೆ, ಏನು ಮಾಡಿದರೂ ಆಗುವುದಿಲ್ಲ. ಹಾಗಾಗಿ ವೈದ್ಯರನ್ನು ಕರೆಯುವುದು ದಂಡ. ಕ್ರಿಸ್ತಪೂರ್ವ 3ನೇ ಶತಮಾನದ ಕ್ರಿಸಿಪಸ್ ಇದಕ್ಕೆ ಉತ್ತರ ಕೊಟ್ಟ. ಅವನು ವಿಧಿಯನ್ನು ಪೂರ್ತಿ ನಂಬುವ ಸ್ಟೋಯಿಕ್ ಪಂಥದವನು ಅನ್ನುವುದನ್ನು ಗಮನಿಸಿ. ವಾಸಿ ಆಗಬೇಕು ಅಂತ ವಿಧಿ ಇದ್ದರೆ, ವೈದ್ಯರನ್ನು ಕರೆಯುವುದೂ ಆ ವಿಧಿಯೊಳಗೇ ಸೇರಿದೆ. ಕರೆಯುವುದರಿಂದಲೇ ವಾಸಿ ಆಗುವುದು. ನಡುವಿನ ಕೊಂಡಿ ತೆಗೆದರೆ ಕೊನೆಯ ಕೊಂಡಿ ಇರುವುದಿಲ್ಲ.

ನಮ್ಮ ಕಡೆಯಲ್ಲೂ ಈ ಜಗಳ ಅಷ್ಟೇ ಹಳೆಯದು. ಬುದ್ಧನ ಕಾಲದಲ್ಲಿ ಮಕ್ಖಲಿ ಗೋಸಾಲ ಎಂಬ ಆಜೀವಿಕ ಗುರು ಇದ್ದ. ಎಲ್ಲವೂ ನಿಯತಿ, ಮನುಷ್ಯನ ಬಲ, ಪ್ರಯತ್ನ ಅನ್ನುವುದು ಯಾವುದೂ ಇಲ್ಲ ಅನ್ನುವುದು ಅವನ ಮತ ಅಂತ ಬೌದ್ಧ ಗ್ರಂಥಗಳು ಹೇಳುತ್ತವೆ. ಎಸೆದ ನೂಲಿನ ಉಂಡೆ ಬಿಚ್ಚಿಕೊಳ್ಳುತ್ತಾ ಉರುಳಿ, ನೂಲು ಮುಗಿದಾಗ ನಿಲ್ಲುವ ಹಾಗೆ ಜ್ಞಾನಿಯ ಸಂಸಾರವೂ ಮೂರ್ಖನ ಸಂಸಾರವೂ ತಾನಾಗಿಯೇ ಮುಗಿಯುತ್ತದೆ. ನಡುವೆ ಯಾರೂ ಏನೂ ಮಾಡುವಂತಿಲ್ಲ. ಬುದ್ಧ ಎಲ್ಲ ಮತಗಳಲ್ಲಿ ಇದನ್ನೇ ಅತ್ಯಂತ ಕೀಳು ಎಂದ. ಕುತೂಹಲದ ವಿಷಯ ಅಂದರೆ, ಬುದ್ಧ ಕಾರಣಗಳನ್ನು ಅಲ್ಲಗಳೆದವನಲ್ಲ. ಯಾವುದೂ ಕಾರಣವಿಲ್ಲದೆ ಹುಟ್ಟುವುದಿಲ್ಲ ಅನ್ನುವುದು ಅವನ ಬೋಧನೆಯ ಬೆನ್ನೆಲುಬು. ದುಃಖಕ್ಕೆ ಕಾರಣ ಇದೆ, ಆದ್ದರಿಂದಲೇ ಅದನ್ನು ನಿಲ್ಲಿಸಲು ಬರುತ್ತದೆ ಅಂದ. ಮನುಷ್ಯ ಕೆಡುವುದಕ್ಕೂ ಶುದ್ಧನಾಗುವುದಕ್ಕೂ ಕಾರಣವೇ ಇಲ್ಲ ಅಂತ ಗೋಸಾಲ ಕೈ ಚೆಲ್ಲಿದ, ಬುದ್ಧ ಕಾರಣಗಳಲ್ಲೇ ಹಿಡಿತ ಕಂಡ. ನಿಮ್ಮ ಸಿಟ್ಟಿಗೆ ಕಾರಣವೇ ಇಲ್ಲದಿದ್ದರೆ ನೀವು ನಿಜವಾಗಿ ಅಸಹಾಯಕರಾಗುತ್ತಿದ್ದಿರಿ. ಕಾರಣ ಇರುವುದರಿಂದ, ಕೈ ಹಾಕಲು ಜಾಗ ಇದೆ.

ಈಗ ನಿಮ್ಮ ಸಿಟ್ಟಿಗೇ ಬರೋಣ. ಹ್ಯಾರಿ ಫ್ರಾಂಕ್‌ಫರ್ಟ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞರು 1971ರಲ್ಲಿ ಒಂದು ಸೂಕ್ಷ್ಮ ವಿಷಯ ಎತ್ತಿ ತೋರಿಸಿದರು. ಆಸೆ ಪ್ರಾಣಿಗಳಿಗೂ ಇದೆ. ಮನುಷ್ಯನ ವಿಶೇಷ ಏನೆಂದರೆ ತನ್ನ ಆಸೆಗಳ ಬಗ್ಗೆಯೇ ಅವನಿಗೆ ಆಸೆಗಳಿರುತ್ತವೆ. ನಿಮಗೆ ಕೂಗಬೇಕು ಅನಿಸುತ್ತದೆ. ಹಾಗೆ ಅನಿಸದೇ ಇದ್ದಿದ್ದರೆ ಚೆನ್ನಾಗಿತ್ತು ಅಂತಲೂ ಅನಿಸುತ್ತದೆ. ಈ ಎರಡನೆಯದಕ್ಕೆ ಮೊದಲನೆಯದರ ಮೇಲೆ ಎಷ್ಟು ಹಿಡಿತ ಇದೆಯೋ ಅಷ್ಟು ಮಟ್ಟಿಗೆ ಮನುಷ್ಯ ಸ್ವತಂತ್ರ. ನನಗೆ ಇದು ಬಹುಪಾಲು ಸರಿ ಅನಿಸುತ್ತದೆ. ಹೀಗೆ ನೋಡಿದರೆ ಸ್ವಾತಂತ್ರ್ಯ ಅನ್ನುವುದು ಇದೆ ಅಥವಾ ಇಲ್ಲ ಅನ್ನುವಂಥ ವಿಷಯ ಅಲ್ಲ. ಒಬ್ಬರಲ್ಲಿ ಜಾಸ್ತಿ, ಒಬ್ಬರಲ್ಲಿ ಕಡಿಮೆ. ಅದೇ ಮನುಷ್ಯನಲ್ಲಿ ಬೆಳಿಗ್ಗೆ ಜಾಸ್ತಿ, ನಿದ್ದೆಗೆಟ್ಟ ರಾತ್ರಿ ಕಡಿಮೆ. ಗಡ್ಡೆ ಬೆಳೆದಿದ್ದ ಆ ಶಿಕ್ಷಕನಲ್ಲಿ ತೀರಾ ಕಡಿಮೆ.

ನಿಮ್ಮಲ್ಲಿ ಎಷ್ಟು? ಕೆಲವು ನ್ಯಾಯಾಲಯಗಳಲ್ಲಿ ಒಂದು ಹಳೆಯ ಪರೀಕ್ಷೆ ಇತ್ತು. ಪಕ್ಕದಲ್ಲೇ ಪೊಲೀಸ್ ನಿಂತಿದ್ದರೂ ಈತ ಹೀಗೆ ಮಾಡುತ್ತಿದ್ದನೇ ಅಂತ ಕೇಳುವುದು. ಮಾಡುತ್ತಿದ್ದ ಅಂದರೆ ಅವನಿಗೆ ತಡೆಯಲಾಗದ ಪ್ರಚೋದನೆ ಇತ್ತು ಅಂತ ಒಪ್ಪಬಹುದು. ನೀವೂ ಇದೇ ರೀತಿ ಕೇಳಿಕೊಳ್ಳಿ. ಕೆಲಸದ ಜಾಗದಲ್ಲಿ ನಿಮ್ಮ ಮೇಲಿನವರು ತಪ್ಪು ಮಾಡಿದಾಗ ಹೀಗೆ ರೇಗುತ್ತೀರಾ? ಮನೆಗೆ ನೆಂಟರು ಬಂದಿದ್ದಾಗ ಮಗ ಹಟ ಮಾಡಿದರೆ? ಇಲ್ಲ ಅನ್ನುವುದಾದರೆ, ತಡೆದುಕೊಳ್ಳುವ ಶಕ್ತಿ ನಿಮ್ಮಲ್ಲಿದೆ. ಅದು ಕೆಲವರ ಎದುರು ಏಳುತ್ತದೆ, ತಿರುಗಿ ಮಾತಾಡಲಾಗದ ಮಗುವಿನ ಎದುರು ಏಳುವುದಿಲ್ಲ. ಇದು ಕೇಳಲು ಕಹಿ. ಆದರೂ ಹೇಳಬೇಕು, ಯಾಕೆಂದರೆ 'ನನ್ನ ಕೈಲಾಗಲ್ಲ' ಅನ್ನುವ ಮಾತು ಎಷ್ಟರಮಟ್ಟಿಗೆ ನಿಜ ಅಂತ ಗೊತ್ತಾಗುವುದು ಇಂಥ ಪ್ರಶ್ನೆಯಿಂದಲೇ. ಪರೀಕ್ಷೆ ಪೂರ್ತಿ ನ್ಯಾಯದ್ದೂ ಅಲ್ಲ ಬಿಡಿ. ದಿನವಿಡೀ ಎಲ್ಲರ ಎದುರು ತಡೆದುಕೊಂಡವನಿಗೆ ಸಂಜೆ ಹೊತ್ತಿಗೆ ತಡೆಯುವುದು ನಿಜವಾಗಿ ಕಷ್ಟ ಆಗಿರಬಹುದು. ಎಲ್ಲರ ಎದುರೂ, ಎಲ್ಲ ಕಡೆಯೂ ಸಿಡಿಯುತ್ತೀರಿ ಅನ್ನುವುದಾದರೆ ಮಾತ್ರ ವಿಷಯ ಬೇರೆ, ಆಗ ಮನೋವೈದ್ಯರ ಸಹಾಯ ಬೇಕು.

ಭಗವದ್ಗೀತೆಯ ಮೂರನೇ ಅಧ್ಯಾಯದಲ್ಲಿ ಅರ್ಜುನ ಕೇಳುವುದು ನಿಮ್ಮ ಪ್ರಶ್ನೆಯನ್ನೇ. ಮನಸ್ಸಿಲ್ಲದಿದ್ದರೂ, ಯಾರೋ ಬಲವಂತವಾಗಿ ತಳ್ಳಿದ ಹಾಗೆ, ಮನುಷ್ಯ ತಪ್ಪು ಮಾಡುವುದು ಯಾಕೆ? ಕಾಮ, ಕ್ರೋಧ ಅಂತ ಉತ್ತರ ಬರುತ್ತದೆ. ನನ್ನ ಕಣ್ಣು ಹೋಗುವುದು ಅದರ ನಂತರದ ಮಾತಿಗೆ. ಅವು ಕೂತಿರುವ ಜಾಗ ಯಾವುದು ಅಂತ ಅಲ್ಲಿ ಹೇಳಲಾಗಿದೆ. ಇಂದ್ರಿಯ, ಮನಸ್ಸು, ಬುದ್ಧಿ. ಮೊದಲು ಇಂದ್ರಿಯಗಳನ್ನು ಹತೋಟಿಗೆ ತಂದುಕೋ ಅನ್ನುವುದು ಸಲಹೆ. ಅಂದರೆ ಕ್ರೋಧ ಬಂದ ಮೇಲೆ ಅದರ ಜೊತೆ ಗುದ್ದಾಡು ಅಂತಲ್ಲ. ಅದಕ್ಕೂ ಮೊದಲೇ ಕೆಲಸ ಶುರು ಮಾಡು ಅಂತ.

ಆಧುನಿಕ ಮನಶ್ಶಾಸ್ತ್ರವೂ ಅದೇ ಕಡೆ ಬಂದಿದೆ. ವಾಲ್ಟರ್ ಮಿಷೆಲ್ ಅವರ ಸಿಹಿತಿಂಡಿ ಪ್ರಯೋಗ ಕೇಳಿರುತ್ತೀರಿ. ಮಕ್ಕಳ ಮುಂದೆ ತಿಂಡಿ ಇಟ್ಟು, ಈಗಲೇ ತಿಂದರೆ ಒಂದು, ಸ್ವಲ್ಪ ಕಾದರೆ ಎರಡು ಅನ್ನುವುದು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಎಷ್ಟು ಮುಂದೆ ಬರುತ್ತಾರೆ ಅನ್ನುವ ಭಾಗಕ್ಕೆ ದೊಡ್ಡ ಪ್ರಚಾರ ಸಿಕ್ಕಿತು. 2018ರಲ್ಲಿ ಇನ್ನೂ ಹೆಚ್ಚು ಮಕ್ಕಳ ಮೇಲೆ ಮತ್ತೆ ಪರೀಕ್ಷಿಸಿದಾಗ ಆ ಸಂಬಂಧ ಬಹಳ ಸಣ್ಣದು ಅಂತ ಗೊತ್ತಾಯಿತು. ಪ್ರಚಾರ ಸಿಗದ ಭಾಗವೇ ನಿಮಗೆ ಉಪಯೋಗದ್ದು. ಕಾಯಲು ಆದದ್ದು ತಿಂಡಿಯನ್ನೇ ದಿಟ್ಟಿಸಿ ನೋಡುತ್ತಾ ಹಲ್ಲು ಕಚ್ಚಿಕೊಂಡ ಮಕ್ಕಳಿಗಲ್ಲ. ಮುಖ ತಿರುಗಿಸಿದವರಿಗೆ, ಕಣ್ಣು ಮುಚ್ಚಿದವರಿಗೆ, ಹಾಡು ಹೇಳಿಕೊಂಡವರಿಗೆ. ತಿಂಡಿಯನ್ನು ಮುಚ್ಚಿಟ್ಟಾಗ ಮಕ್ಕಳು ಇನ್ನೂ ಜಾಸ್ತಿ ಹೊತ್ತು ಕಾದರು.

ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಕೆಲಸ ಇನ್ನೂ ನೇರ. 'ನಾನು ರೇಗುವುದಿಲ್ಲ' ಅನ್ನುವಂಥ ಸಂಕಲ್ಪ ದುರ್ಬಲ. 'ಇಂಥದ್ದು ಆದ ತಕ್ಷಣ ಇಂಥದ್ದು ಮಾಡುತ್ತೇನೆ' ಅನ್ನುವ ಸಂಕಲ್ಪ ಗಟ್ಟಿ. ಅವರೂ ಪಾಸ್ಕಲ್ ಶೀರನ್ ಅವರೂ ಸೇರಿ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಎರಡನೇ ಬಗೆಯ ಸಂಕಲ್ಪದಿಂದ ಗುರಿ ಮುಟ್ಟುವುದು ಗಣನೀಯವಾಗಿ ಹೆಚ್ಚಿತ್ತು. ಕಾರಣ ತಿಳಿಯುವುದು ಕಷ್ಟವಲ್ಲ. ಆ ಕ್ಷಣದಲ್ಲಿ ಯೋಚಿಸಲು ಪುರುಸೊತ್ತಿಲ್ಲ. ಹಾಗಾಗಿ ಯೋಚನೆಯನ್ನು ಬೆಳಿಗ್ಗೆಯೇ ಮಾಡಿಟ್ಟು, ಸಂಜೆಯ ಒಂದು ಗುರುತಿಗೆ ಕಟ್ಟಿಹಾಕಿಬಿಡುವುದು.

ನಿಮ್ಮ ಬೆಳಗಿನ ಸಂಕಲ್ಪ ಮೊದಲ ಬಗೆಯದು. ಅದನ್ನು ಬದಲಿಸಿ. ಯಾವ ಹೊತ್ತಿಗೆ, ಯಾವ ಮಾತಿಗೆ ಸಿಟ್ಟು ಏರುತ್ತದೆ ಅಂತ ಒಂದೆರಡು ವಾರ ಬರೆದಿಡಿ. ಬಹುಪಾಲು ಜನರಿಗೆ ಅದು ಎರಡು ಮೂರು ಸಂದರ್ಭಗಳಷ್ಟೇ ಅಂತ ಕಾಣುತ್ತದೆ. ಆಮೇಲೆ ಆ ಒಂದೊಂದಕ್ಕೂ ಒಂದು ಕೆಲಸ ಗೊತ್ತು ಮಾಡಿ. 'ಹೋಮ್‌ವರ್ಕ್ ಮಾಡಿಲ್ಲ ಅಂತ ಮಗ ಅಂದ ತಕ್ಷಣ ನಾನು ಎದ್ದು ಇನ್ನೊಂದು ಕೋಣೆಗೆ ಹೋಗುತ್ತೇನೆ, ಹತ್ತು ನಿಮಿಷ ಆದ ಮೇಲೆ ಬಂದು ಮಾತಾಡುತ್ತೇನೆ.' ಸಿಟ್ಟು ಬರುವುದು ಹಸಿದಾಗ ಅಂತ ಗೊತ್ತಾದರೆ, ಮೊದಲು ತಿಂದು ಆಮೇಲೆ ಪುಸ್ತಕ ತೆಗೆಸಿ. ಮಗನಿಗೂ ಹೇಳಿಬಿಡಿ, ನಾನು ಎದ್ದು ಹೋದರೆ ನಿನ್ನ ಮೇಲೆ ಮುನಿಸು ಅಂತಲ್ಲ ಅಂತ. ಇದೆಲ್ಲ ತತ್ವಶಾಸ್ತ್ರದ ಎತ್ತರದಿಂದ ನೋಡಿದರೆ ಸಣ್ಣ ವಿಷಯ ಅನಿಸಬಹುದು. ನನಗೆ ಹಾಗನಿಸುವುದಿಲ್ಲ. ಇಚ್ಛೆಗೆ ಕಾರಣಗಳಿರುತ್ತವೆ ಅಂತ ನಿಜವಾಗಿ ಒಪ್ಪಿದವನು ಮಾಡಬೇಕಾದ್ದೇ ಇದು. ನಾಳೆ ಸಂಜೆಯ ನಿಮ್ಮ ನಡತೆಗೆ ಇವತ್ತಿನ ನೀವೂ ಒಂದು ಕಾರಣ.

ದಿನದ ಕ್ರಮದಿಂದ ಮನುಷ್ಯ ಬದಲಾಗುತ್ತಾನಾ ಅನಿಸಿದರೆ ಒಂದು ಹಳೆಯ ಕಥೆ ಕೇಳಿ. 1848ರಲ್ಲಿ ಫಿನಿಯಸ್ ಗೇಜ್ ಎಂಬ 25 ವರ್ಷದ ರೈಲ್ವೆ ಮೇಸ್ತ್ರಿಯ ತಲೆಯೊಳಗಿಂದ ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ತೂರಿ ಹೋಯಿತು. ಅವನು ಬದುಕಿದ, ಆದರೆ ಸ್ವಭಾವ ಪೂರ್ತಿ ಬದಲಾಯಿತು, ಒರಟನಾದ ಅಂತ ಅವನ ಕಥೆಯನ್ನು ಎಲ್ಲ ಕಡೆ ಹೇಳುತ್ತಾರೆ. ಅದೇ ಗೇಜ್ ಮುಂದೆ ಚಿಲಿ ದೇಶಕ್ಕೆ ಹೋಗಿ, ಅಲ್ಲಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ಪ್ರಯಾಣಿಕರ ಜೊತೆ ನಯವಾಗಿ ನಡೆದುಕೊಳ್ಳುವುದು, ಕಷ್ಟದ ದಾರಿಯಲ್ಲಿ ಎಚ್ಚರದಿಂದಿರುವುದು, ಎಲ್ಲವೂ ಬೇಕಾಗುವ ಕೆಲಸ ಅದು. ದಿನಾ ಒಂದೇ ಕ್ರಮದ ಆ ಕೆಲಸವೇ ಅವನನ್ನು ಮತ್ತೆ ಹದಕ್ಕೆ ತಂದಿರಬಹುದು ಅಂತ ಅವನ ಬಗ್ಗೆ ಆಳವಾಗಿ ಅಧ್ಯಯನ ಮಾಡಿದವರು ಹೇಳುತ್ತಾರೆ. ಮೆದುಳಿನ ಮುಂಭಾಗದಲ್ಲಿ ಒಂದಷ್ಟನ್ನು ಕಳೆದುಕೊಂಡವನ ವಿಷಯದಲ್ಲೂ ಕಥೆ ಅಲ್ಲಿಗೆ ಮುಗಿದಿರಲಿಲ್ಲ.

ಇನ್ನು ತಪ್ಪಿನ ಮಾತು. ನಾನು ಎರಡು ಬೇರೆ ವಿಷಯಗಳನ್ನು ಬೇರೆಯಾಗಿಯೇ ಇಡುತ್ತೇನೆ. ತಪ್ಪು ಮಾಡಿದವನು ನರಳಲೇಬೇಕು, ಅದರಿಂದ ಯಾರಿಗೂ ಒಳ್ಳೆಯದಾಗದಿದ್ದರೂ ನರಳಲಿ ಅನ್ನುವ ಭಾವನೆ ಒಂದು. ಮನುಷ್ಯ ತನ್ನ ಸ್ವಭಾವವನ್ನು ತಾನೇ ಆರಿಸಿಕೊಂಡು ಹುಟ್ಟುವುದಿಲ್ಲ. ಅದನ್ನು ಆರಿಸಿಕೊಳ್ಳಲು ಕೂಡ ಮೊದಲೇ ಒಂದು ಸ್ವಭಾವ ಬೇಕಾಗುತ್ತದೆ ಅಂತ ತತ್ವಶಾಸ್ತ್ರಜ್ಞ ಗೇಲನ್ ಸ್ಟ್ರಾಸನ್ ವಾದಿಸುತ್ತಾರೆ. ಹಾಗಾಗಿ ಯಾರೂ ತಾವು ಮಾಡಿದ್ದಕ್ಕೆ ಪೂರ್ತಿ ಹೊಣೆಯಲ್ಲ ಅನ್ನುವ ಅವರ ಕೊನೆಯ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಆದರೆ ಬರೀ ನರಳಿಕೆಗಾಗಿ ನರಳಿಕೆ ಅನ್ನುವುದನ್ನು ಸಮರ್ಥಿಸಲು ನನಗೆ ಆಗುವುದಿಲ್ಲ. ಹಾಗಾಗಿ ರಾತ್ರಿಯಿಡೀ ನಿಮ್ಮನ್ನು ನೀವೇ ಹಳಿದುಕೊಳ್ಳುವುದನ್ನು ಬಿಡಿ. ಅದರಿಂದ ಮಗನಿಗೆ ಏನೂ ಸಿಗುವುದಿಲ್ಲ.

ಇನ್ನೊಂದು, ಉತ್ತರ ಕೊಡುವ ಹೊಣೆ. ಇದು ಎಲ್ಲಿಗೂ ಹೋಗುವುದಿಲ್ಲ. ಗೇಲನ್ ಅವರ ತಂದೆ ಪೀಟರ್ ಸ್ಟ್ರಾಸನ್ ಕೂಡ ದೊಡ್ಡ ತತ್ವಶಾಸ್ತ್ರಜ್ಞರು. ಒಬ್ಬರ ಮೇಲೊಬ್ಬರಿಗೆ ಬರುವ ಬೇಸರ, ಕೃತಜ್ಞತೆ, ಕ್ಷಮೆ ಇವೆಲ್ಲ ಮನುಷ್ಯ ಸಂಬಂಧದ ಒಳಗೇ ಇರುವಂಥವು, ಒಂದು ಸಿದ್ಧಾಂತ ಕೇಳಿ ಅವನ್ನು ಕಳಚಿಡಲು ಬರುವುದಿಲ್ಲ ಅಂತ 1962ರಲ್ಲಿ ಅವರು ಬರೆದರು. ಯಾರನ್ನಾದರೂ ಇದರಿಂದ ಪೂರ್ತಿ ಹೊರಗಿಟ್ಟರೆ ಅವರನ್ನು ನಿಭಾಯಿಸಬೇಕಾದ ಒಂದು ವಸ್ತುವಿನ ಹಾಗೆ ನೋಡಲು ಶುರು ಮಾಡುತ್ತೇವೆ. 'ನನ್ನ ಮೆದುಳೇ ಹಾಗೆ' ಅಂತ ಮಗನಿಗೆ ಹೇಳಿದರೆ ನಿಮ್ಮನ್ನು ನೀವೇ ಹಾಗೆ ಹೊರಗಿಟ್ಟುಕೊಂಡ ಹಾಗೆ. ಅವನಿಗೆ ಬೇಕಾದ್ದು ತನ್ನ ತಪ್ಪು ಒಪ್ಪಿಕೊಂಡು ಮಾತಾಡುವ ಒಬ್ಬ ಅಪ್ಪ. 'ನಾನು ಕೂಗಿದ್ದು ತಪ್ಪು. ನೀನು ಮಾಡಿದ್ದು ಅಷ್ಟು ಕೂಗುವಂಥದ್ದಲ್ಲ' ಅನ್ನಿ. ಇದಕ್ಕೆ ಪ್ರಪಂಚದ ಕಾರಣ ಸರಪಳಿಯಿಂದ ಬಿಡುಗಡೆ ಬೇಕಿಲ್ಲ.

ಕೊನೆಗೆ ನಿಮ್ಮ ಅಪ್ಪ. ಸಿಟ್ಟು ಅವರಿಂದ ರಕ್ತದಲ್ಲಿ ಬಂತೋ, ನೋಡಿ ಕಲಿತದ್ದೋ ಅಂತ ಬಿಡಿಸಿ ಹೇಳುವುದು ಒಬ್ಬ ಮನುಷ್ಯನ ವಿಷಯದಲ್ಲಿ ಆಗದ ಕೆಲಸ. ಅವಳಿಗಳ ಮೇಲೆ ನಡೆದ ಐವತ್ತು ವರ್ಷಗಳ ಅಧ್ಯಯನಗಳನ್ನು 2015ರಲ್ಲಿ ಒಟ್ಟು ಹಾಕಿದಾಗ, ಮನುಷ್ಯರ ನಡುವಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸರಾಸರಿ 49 ಶೇಕಡಾ ಅಂತ ಬಂತು. ಆದರೆ ಅದು ದೊಡ್ಡ ಗುಂಪಿನ ಲೆಕ್ಕ. ನಿಮ್ಮ ಸಿಟ್ಟಿನಲ್ಲಿ ಅರ್ಧ ಅಪ್ಪನದು ಅಂತ ಅದರ ಅರ್ಥ ಅಲ್ಲ.

ಒಂದು ನ್ಯಾಯ ಮಾತ್ರ ಪಾಲಿಸಲೇಬೇಕು. ಕಾರಣಗಳ ಹೆಸರಿನಲ್ಲಿ ನಿಮ್ಮನ್ನು ನೀವು ಮನ್ನಿಸಿಕೊಂಡರೆ ಅವರನ್ನೂ ಮನ್ನಿಸಬೇಕು. ಅವರು ತಡೆದುಕೊಳ್ಳಬಹುದಿತ್ತು ಅನ್ನುವುದಾದರೆ ನೀವೂ ತಡೆದುಕೊಳ್ಳಬಹುದು. ಇಬ್ಬರಿಗೂ ಒಂದೇ ಅಳತೆ. ಆದರೆ ಅಳತೆ ಒಂದೇ ಆದರೂ ಇಬ್ಬರ ಸ್ಥಿತಿ ಒಂದೇ ಆಗಿರಬೇಕಿಲ್ಲ. ತನ್ನ ಸಿಟ್ಟನ್ನು ಹೊರಗೆ ನಿಂತು ನೋಡಿ, ಯಾರಿಗೋ ಪತ್ರ ಬರೆದು ಕೇಳುವ ಅವಕಾಶ ನಿಮಗೆ ಸಿಕ್ಕಿದೆ. ಅವರಿಗೆ ಸಿಕ್ಕಿತ್ತೇ? ಸಿಕ್ಕಿರದಿದ್ದರೆ ಅವರ ಸ್ವಾತಂತ್ರ್ಯ ನಿಮ್ಮದಕ್ಕಿಂತ ಕಿರಿದಾಗಿತ್ತು. ಇದು ತಿಳಿದ ಮೇಲೆ ದ್ವೇಷ ಸ್ವಲ್ಪ ಸಡಿಲ ಆಗಬಹುದು. ಆದರೆ ಚಿಕ್ಕ ವಯಸ್ಸಿನಲ್ಲಿ ನಿಮಗೆ ಆದದ್ದು ನಿಜವಾಗಿಯೂ ಆಯಿತು. ಅದಕ್ಕೆ ಕಾರಣ ಇತ್ತು ಅನ್ನುವುದರಿಂದ ಆ ನೋವು ಸುಳ್ಳಾಗುವುದಿಲ್ಲ. ಕಾರಣ ತಿಳಿದ ಮಾತ್ರಕ್ಕೆ ಕ್ಷಮಿಸಲೇಬೇಕು ಅಂತ ಯಾವ ತತ್ವಶಾಸ್ತ್ರವೂ ನಿಮ್ಮನ್ನು ಒತ್ತಾಯ ಮಾಡಲಾರದು. ಅವರು ಇನ್ನೂ ಇದ್ದು, ಮಾತಾಡುವಷ್ಟು ಸಂಬಂಧ ಉಳಿದಿದ್ದರೆ, ಆ ದಿನಗಳಲ್ಲಿ ಅವರಿಗೆ ಏನಾಗುತ್ತಿತ್ತು ಅಂತ ಒಮ್ಮೆ ಅವರನ್ನೇ ಕೇಳಿ ನೋಡಿ. ಅವರು ಹೇಳದೇ ಇರಬಹುದು, ಹಾಗೇನೂ ಇರಲಿಲ್ಲ ಅಂತ ತಳ್ಳಿಹಾಕಲೂಬಹುದು. ಆಗ ಕೋಪ ಉಳಿದರೆ ಅದಕ್ಕಾಗಿ ನಾಚಿಕೊಳ್ಳಬೇಡಿ. ಅದು ಮಗನ ಮೇಲೆ ತಿರುಗದಂತೆ ನೋಡಿಕೊಳ್ಳುವುದು ಮಾತ್ರ ನಿಮ್ಮ ಕೆಲಸ, ಅದನ್ನು ಎಲ್ಲಿಂದ ಶುರು ಮಾಡಬಹುದು ಅಂತ ಮೇಲೆ ಹೇಳಿದ್ದೇನೆ.